ಕಲಬುರಗಿಯಲ್ಲಿದ್ದುಕೊಂಡು ವೈರ್‌ಲೆಸ್ ಸರ್ಟಿಫಿಕೇಟ್ ಮಾಡಿಕೊಂಡರೆ ಉದ್ಯೋಗದಲ್ಲಿ ಉಪಯೋಗವಾಗುತ್ತದೆಯೇ?

ಪ್ರಶ್ನೆ
ಬರೆದವರು: ಜೇವರ್ಗಿ ಕ್ರಾಸ್

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಇಲ್ಲಿಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲವು ವರ್ಷಗಳಿಂದ ಫೀಲ್ಡ್ ಟೆಕ್ನಿಷಿಯನ್ ಆಗಿ ಕೆಲಸ ಮಾಡುತ್ತಿದ್ದೇನೆ. ಆಸ್ಪತ್ರೆ, ಕಾಲೇಜು, ಲಾಡ್ಜ್ ಮತ್ತು ಬೇಳೆ ಮಿಲ್ಲುಗಳಿಗೆ ಕೇಬಲ್ ಎಳೆಯುವುದು, ಕ್ಯಾಮೆರಾ ಕೂರಿಸುವುದು, ರೌಟರ್ ಮತ್ತು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹರಡುವ ಪೆಟ್ಟಿಗೆ) ಹಾಕಿ ಪಾಸ್‌ವರ್ಡ್ ಕೊಟ್ಟು ಬರುವುದು ನಮ್ಮ ದಿನನಿತ್ಯದ ಕೆಲಸ. ಕೇಬಲ್ಲಿನ ಕೆಲಸದಲ್ಲಿ ನನಗೆ ಅಳುಕಿಲ್ಲ. ಆದರೆ ವೈಫೈ ವಿಷಯಕ್ಕೆ ಬಂದಾಗ, ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದರೂ ನೆಟ್ ಓಡುವುದಿಲ್ಲ ಎಂದು ಗ್ರಾಹಕರು ಹೇಳಿದರೆ, ನಮ್ಮ ಕಡೆಯಿಂದ ಆಗುವ ಉಪಾಯ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕುವುದು ಮಾತ್ರ. ಅದರಿಂದ ಕೆಲವೊಮ್ಮೆ ಸರಿಹೋಗುತ್ತದೆ, ಕೆಲವೊಮ್ಮೆ ಮೊದಲಿಗಿಂತ ಕೆಡುತ್ತದೆ, ಏಕೆ ಹಾಗೆ ಎಂದು ಹೇಳಬಲ್ಲವರು ನಮ್ಮ ಸಂಸ್ಥೆಯಲ್ಲಿ ಯಾರೂ ಇಲ್ಲ.

ಈ ಕಾರಣಕ್ಕೆ ವೈರ್‌ಲೆಸ್ ವಿಷಯವನ್ನು ಬುಡದಿಂದ ಕಲಿತು, ಅದರಲ್ಲಿಯೇ ಮುಂದುವರಿಯಬೇಕು ಎಂಬ ಆಸೆ ಬಲವಾಗಿದೆ. ವೈರ್‌ಲೆಸ್ ವಿಷಯಕ್ಕೇ ಮೀಸಲಾದ ಸಿಡಬ್ಲ್ಯುಎನ್‌ಎ ಎಂಬ ಪರೀಕ್ಷೆಯ ಬಗ್ಗೆ ಓದಿದ್ದೇನೆ. ಸ್ನೇಹಿತರು ಮಾತ್ರ ಸಿಸ್ಕೊ ಕಂಪನಿಯ ನೆಟ್‌ವರ್ಕ್ ಪರೀಕ್ಷೆಯಾದ ಸಿಸಿಎನ್‌ಎ ಬಿಟ್ಟು ಬೇರೆ ಯಾವುದಕ್ಕೂ ಬೆಲೆಯಿಲ್ಲ ಎನ್ನುತ್ತಾರೆ. ಸಿಸಿಎನ್‌ಎ ಶುಲ್ಕ 300 ಡಾಲರ್ ಇದ್ದು, ತೆರಿಗೆ ಸೇರಿದರೆ ಅದು ನನ್ನ ಒಂದು ತಿಂಗಳ ಸಂಬಳವನ್ನು ಮೀರುತ್ತದೆ. ಇನ್ನೊಂದರ ಶುಲ್ಕವೂ ಕಡಿಮೆಯೇನಿಲ್ಲ. ಮನೆಯಲ್ಲಿ ತಂಗಿಯ ಓದು ನಡೆದಿರುವುದರಿಂದ ಎರಡಕ್ಕೂ ಒಟ್ಟಿಗೆ ಹಣ ಹಾಕುವ ಸ್ಥಿತಿಯಲ್ಲಿ ನಾನಿಲ್ಲ.

ನಾನು ತಿಳಿಯಬಯಸುವುದು ಇಷ್ಟು. ನನ್ನಂಥ ಡಿಪ್ಲೊಮಾದವನಿಗೆ ವೈರ್‌ಲೆಸ್ ಸರ್ಟಿಫಿಕೇಟ್ ನಿಜವಾಗಿ ಉದ್ಯೋಗದ ಬಾಗಿಲು ತೆರೆಯುತ್ತದೆಯೇ? ತೆರೆಯುವುದಾದರೆ ಅದು ಹೈದರಾಬಾದ್, ಬೆಂಗಳೂರಿನಲ್ಲಿ ಮಾತ್ರವೇ, ಅಥವಾ ನಮ್ಮ ಕಲಬುರಗಿ, ಬೀದರ, ಯಾದಗಿರಿಯಲ್ಲಿಯೂ ಅದರಿಂದ ಬದುಕು ಕಟ್ಟಿಕೊಳ್ಳಬಹುದೇ? ಮೊದಲು ಯಾವುದನ್ನು ಮಾಡಬೇಕು? ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ 1
ಬರೆದವರು: ಬೀದರದವನು, ಈಗ ಹೈದರಾಬಾದ್

ತಮ್ಮಾ, ನಿಮ್ಮ ಪ್ರಶ್ನೆ ಬಹಳ ಸ್ಪಷ್ಟವಾಗಿದೆ. ನಾನು ಬೀದರದಲ್ಲಿ ಓದಿ, ಹೈದರಾಬಾದಿನಲ್ಲಿ ವೈರ್‌ಲೆಸ್ ಸಪೋರ್ಟ್ ತಂಡದಲ್ಲಿದ್ದೇನೆ. ಹೊಸಬರನ್ನು ಸಂದರ್ಶನ ಮಾಡುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಆ ಅನುಭವದಿಂದ ಹೇಳುತ್ತೇನೆ.

ಸರ್ಟಿಫಿಕೇಟ್ ಕೆಲಸ ಕೊಡಿಸುವುದಿಲ್ಲ, ಸಂದರ್ಶನಕ್ಕೆ ಕರೆ ಕೊಡಿಸುತ್ತದೆ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ಸೋಸುವವರು ನೆಟ್‌ವರ್ಕ್ ತಿಳಿದವರಲ್ಲ, ನೇಮಕಾತಿ ವಿಭಾಗದವರು. ಅವರಿಗೆ ಪರಿಚಿತವಾದ ಹೆಸರು ಸಿಸಿಎನ್‌ಎ. ಸಿಡಬ್ಲ್ಯುಎನ್‌ಎ ಎಂದರೆ ಏನೆಂದು ತಿಳಿದಿರುವುದು ಅವರ ನಂತರದ ಮೇಜಿನಲ್ಲಿ ಕುಳಿತಿರುವ ನಮ್ಮಂಥವರಿಗೆ. ನನ್ನ ಮುಂದೆ ಒಂದೇ ಅನುಭವದ ಇಬ್ಬರು ಬಂದು, ಅವರಲ್ಲಿ ಒಬ್ಬರು ಸಿಡಬ್ಲ್ಯುಎನ್‌ಎ ಓದಿದ್ದರೆ, ಅವರೊಂದಿಗೆ ಮಾತು ಬೇರೆಯ ಮಟ್ಟದಲ್ಲಿಯೇ ಶುರುವಾಗುತ್ತದೆ. ಆದರೆ ಮೊದಲ ಮೇಜನ್ನು ದಾಟದೆ ಅವರು ನನ್ನ ಹತ್ತಿರ ಬರುವುದೇ ಇಲ್ಲ. ಆದ್ದರಿಂದ ಒಂದಕ್ಕೆ ಮಾತ್ರ ಹಣ ಇದ್ದರೆ ಸಿಸಿಎನ್‌ಎ ಮೊದಲು ಮಾಡಿ ಎಂಬುದೇ ನನ್ನ ಸಲಹೆ.

ಇದಕ್ಕೆ ಇನ್ನೂ ಗಟ್ಟಿಯಾದ ಕಾರಣವೊಂದಿದೆ. ವೈಫೈ ಸರಿಯಿಲ್ಲ ಎಂದು ಬರುವ ದೂರುಗಳಲ್ಲಿ ಬಹಳಷ್ಟು ಗಾಳಿಯಲ್ಲಿ ನಡೆಯುವ ತೊಂದರೆಗಳಲ್ಲ. ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಪೂಲ್ ಖಾಲಿಯಾಗಿರುತ್ತದೆ, ಸ್ವಿಚ್ಚುಗಳನ್ನು ಜೋಡಿಸುವ ಟ್ರಂಕ್ ಪೋರ್ಟಿನಲ್ಲಿ ಒಂದು ವಿ-ಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಸೇರಿಸಿರುವುದಿಲ್ಲ, ವೆಬ್ ಹೆಸರನ್ನು ಐಪಿ ವಿಳಾಸವಾಗಿಸುವ ಡಿಎನ್‌ಎಸ್ ತಡವಾಗಿ ಉತ್ತರಿಸುತ್ತದೆ, ಬಳಕೆದಾರರನ್ನು ಪರಿಶೀಲಿಸಿ ಒಳಬಿಡುವ ರೇಡಿಯಸ್ ಸರ್ವರಿನ ಡಿಜಿಟಲ್ ಸರ್ಟಿಫಿಕೇಟ್ ಅವಧಿ ಮುಗಿದಿರುತ್ತದೆ. ಇನ್ನೊಂದನ್ನು ನೀವೇ ಕಂಡಿರಬಹುದು: ಹೊಸ ವೈಫೈ 6 ಆಕ್ಸೆಸ್ ಪಾಯಿಂಟಿಗೆ 802.3ಎಟಿ, ಅಂದರೆ ನೆಟ್‌ವರ್ಕ್ ಕೇಬಲ್ಲಿನ ಮೂಲಕವೇ ಪೋರ್ಟಿಗೆ 30 ವ್ಯಾಟ್ ಕರೆಂಟ್ ಕೊಡುವ ಸ್ವಿಚ್ ಬೇಕಿರುತ್ತದೆ, ಹಳೆಯ 15.4 ವ್ಯಾಟಿನ 802.3ಎಎಫ್ ಸ್ವಿಚ್ಚಿಗೆ ಚುಚ್ಚಿದಾಗ ಅದು ದೀಪ ಹತ್ತಿಸಿ ನಿಲ್ಲುತ್ತದೆ, ಆದರೆ ಒಳಗೆ ರೇಡಿಯೊ ಬಲವನ್ನು ತಗ್ಗಿಸಿಕೊಂಡಿರುತ್ತದೆ. ಬಳಸುವವರಿಗೆ ಇವೆಲ್ಲವೂ ವೈಫೈ ದೋಷವಾಗಿಯೇ ಕಾಣುತ್ತವೆ. ತಂತಿಯ ಕಡೆಯ ನೆಟ್‌ವರ್ಕ್ ಬಾರದವರು ವೈರ್‌ಲೆಸ್ ಎಂಜಿನಿಯರ್ ಆಗಲಾರರು.

ಹಿಂದೆ ಸಿಸ್ಕೊದವರಲ್ಲಿ ಸಿಸಿಎನ್‌ಎ ವೈರ್‌ಲೆಸ್ ಎಂಬ ಪ್ರತ್ಯೇಕ ಪರೀಕ್ಷೆ ಇತ್ತು. 2020ರ ಫೆಬ್ರವರಿ 24ರಂದು ಅದನ್ನು ನಿಲ್ಲಿಸಿ, 200-301 ಎಂಬ ಒಂದೇ ಸಿಸಿಎನ್‌ಎ ತಂದರು. ಹಳೆಯ ಪುಸ್ತಕದ ಅಂಗಡಿಯಲ್ಲಿ ಆ ಹೆಸರಿನ ಪುಸ್ತಕ ಸಿಕ್ಕರೆ ಕೊಳ್ಳಬೇಡಿ. ಈಗಿನ ಸಿಸಿಎನ್‌ಎಯಲ್ಲಿ ವೈರ್‌ಲೆಸ್ ಕಂಟ್ರೋಲರ್, ಎಸ್‌ಎಸ್‌ಐಡಿ (ಫೋನಿನಲ್ಲಿ ಕಾಣುವ ವೈಫೈ ಹೆಸರು), ಡಬ್ಲ್ಯುಪಿಎ ಭದ್ರತೆ ಮುಂತಾದವು ಸ್ವಲ್ಪ ಮಟ್ಟಿಗೆ ಬರುತ್ತವೆ, ಆದರೆ ರೇಡಿಯೊ ಅಲೆಗಳ ಲೆಕ್ಕಾಚಾರ ಇಲ್ಲವೆನ್ನುವಷ್ಟು ಕಡಿಮೆ.

ಆ ಕೊರತೆಯನ್ನು ತುಂಬುವುದು ಸಿಡಬ್ಲ್ಯುಎನ್‌ಎ. ಅದು ಸಿಡಬ್ಲ್ಯುಎನ್‌ಪಿ ಸಂಸ್ಥೆಯ ಪರೀಕ್ಷೆ, ಯಾವುದೇ ಕಂಪನಿಯ ಉಪಕರಣಕ್ಕೆ ಅಂಟಿಕೊಂಡಿಲ್ಲ. 90 ನಿಮಿಷಗಳಲ್ಲಿ 60 ಪ್ರಶ್ನೆಗಳು, ಉತ್ತೀರ್ಣರಾಗಲು ಶೇಕಡಾ 70 ಬೇಕು, ಮಾನ್ಯತೆ 3 ವರ್ಷ. ಅದರ ಮೇಲೆ ಭದ್ರತೆಗೆ ಸಿಡಬ್ಲ್ಯುಎಸ್‌ಪಿ, ವಿನ್ಯಾಸಕ್ಕೆ ಸಿಡಬ್ಲ್ಯುಡಿಪಿ, ಪ್ಯಾಕೆಟ್ ವಿಶ್ಲೇಷಣೆಗೆ ಸಿಡಬ್ಲ್ಯುಎಪಿ ಇವೆ. ಎಲ್ಲಕ್ಕಿಂತ ಮೇಲಿನ ಸಿಡಬ್ಲ್ಯುಎನ್‌ಇಗೆ ಪರೀಕ್ಷೆಗಳ ಜೊತೆಗೆ ಕೆಲಸದ ಅನುಭವ, ಸ್ವಂತ ಬರಹಗಳು ಮತ್ತು ಬಲ್ಲವರ ಶಿಫಾರಸು ಬೇಕು. ವೈಫೈ ಉಪಕರಣ ತಯಾರಿಸುವ ಕಂಪನಿಗಳ ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಅರುಬಾವನ್ನು 2015ರಲ್ಲಿ ಎಚ್‌ಪಿ ಕೊಂಡಿತು, ಮಿಸ್ಟ್ ಅನ್ನು 2019ರಲ್ಲಿ ಜುನಿಪರ್ ಕೊಂಡಿತು, ಆ ಜುನಿಪರನ್ನೇ 2025ರಲ್ಲಿ ಎಚ್‌ಪಿಯಿಂದ ಬೇರೆಯಾದ ಎಚ್‌ಪಿಇ ಕೊಂಡಿತು. ಉಪಕರಣದ ಮೆನು ಕಲಿತವರು ಪ್ರತಿ ಸಲ ಮತ್ತೆ ಕಲಿಯಬೇಕು. ವೈಫೈಯ ಮೂಲ ಮಾನದಂಡವಾದ 802.11 ಹೇಗೆ ನಡೆಯುತ್ತದೆ ಎಂದು ಕಲಿತವರಿಗೆ ಆ ತೊಂದರೆ ಬಹಳ ಕಡಿಮೆ.

ಡಿಪ್ಲೊಮಾ ವಿಷಯ ಮುಚ್ಚಿಡದೆ ಹೇಳಬೇಕು. ಪಾಳಿಯ ಮೇಲೆ ನಡೆಯುವ ಸಪೋರ್ಟ್ ಮತ್ತು ಮಾನಿಟರಿಂಗ್ ಕೆಲಸಗಳಿಗೆ ಡಿಪ್ಲೊಮಾದವರನ್ನು ತೆಗೆದುಕೊಳ್ಳುತ್ತಾರೆ. ಉತ್ಪನ್ನ ತಯಾರಿಸುವ ದೊಡ್ಡ ಕಂಪನಿಗಳು ಪದವಿ ಕೇಳುತ್ತವೆ, ಅಲ್ಲಿ ಸರ್ಟಿಫಿಕೇಟ್ ಪದವಿಯ ಜಾಗ ತುಂಬುವುದಿಲ್ಲ. ಮನೆಯ ಪರಿಸ್ಥಿತಿ ಅನುವು ಮಾಡಿಕೊಟ್ಟರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರುವ ದಾರಿ ಇದ್ದೇ ಇದೆ. ಅದು ಕೂಡದಿದ್ದರೆ ಕೆಳಗಿನ ಮೆಟ್ಟಿಲಿನಿಂದ ಅನುಭವದ ಬಲದ ಮೇಲೆ ಏರಬೇಕಾಗುತ್ತದೆ. ಹಾಗೆ ಏರಿದವರು ನಮ್ಮ ತಂಡದಲ್ಲಿಯೂ ಇದ್ದಾರೆ.


ಉತ್ತರ 2
ಬರೆದವರು: ಶಹಾಬಾದಿ ಕಲ್ಲು

ನಾನು ಕಲಬುರಗಿಯ ಒಂದು ಶಿಕ್ಷಣ ಸಂಸ್ಥೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಮೇಲಿನ ಸರ್ ಉದ್ಯೋಗದ ಮಾರುಕಟ್ಟೆಯ ಬಗ್ಗೆ ಬರೆದಿದ್ದನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದ ತಮ್ಮನವರು ಹೇಳಿದ ಒಂದು ಮಾತು, ಅಂದರೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿದಾಗ ಕೆಲವೊಮ್ಮೆ ಮೊದಲಿಗಿಂತ ಕೆಡುತ್ತದೆ ಎಂಬುದು, ಈ ಓದಿನ ಬೆಲೆ ಎಲ್ಲಿದೆ ಎಂಬುದನ್ನು ತೋರಿಸುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಆವರಣದ ಒಂದು ಹಾಸ್ಟೆಲ್ಲಿನಲ್ಲಿ ಹೊರಗಿನ ಗುತ್ತಿಗೆದಾರರು ವರಾಂಡದ ಉದ್ದಕ್ಕೂ ಸಾಲಾಗಿ ಆಕ್ಸೆಸ್ ಪಾಯಿಂಟ್ ಹಾಕಿಹೋಗಿದ್ದರು. ಹಳೆಯ ಕಟ್ಟಡ, ಕೋಣೆಗಳ ಗೋಡೆಗಳು ದಪ್ಪ ಕಲ್ಲಿನವು. ವರಾಂಡ ಮಾತ್ರ ಉದ್ದಕ್ಕೆ ತೆರೆದಿರುವುದರಿಂದ ಅಲ್ಲಿ ಒಂದು ಆಕ್ಸೆಸ್ ಪಾಯಿಂಟ್ ಉಳಿದವೆಲ್ಲವುಗಳ ಸದ್ದನ್ನು ಕೇಳುತ್ತಿತ್ತು, ಆದರೆ ಕೋಣೆಯೊಳಗೆ ಮಂಚದ ಮೇಲೆ ಕುಳಿತ ವಿದ್ಯಾರ್ಥಿನಿಯ ಫೋನಿಗೆ ಸಿಗ್ನಲ್ ಬಡವಾಗಿ ತಲುಪುತ್ತಿತ್ತು. ಯಾರಿಗೆ ಬೇಕೋ ಅವರಿಗೆ ಸಿಗದೆ, ಯಾರಿಗೆ ಬೇಡವೋ ಅವರಿಗೆ ಗದ್ದಲ ಸಿಗುವ ಏರ್ಪಾಡು ಅದು.

ವೈಫೈಯಲ್ಲಿ ಒಂದು ಚಾನೆಲ್ಲಿನ ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬೇಕು. ಬಯಲಾಟದ ರಂಗದ ಮೇಲೆ ಒಬ್ಬ ಪಾತ್ರಧಾರಿ ಪದ ಹಾಡುವಾಗ ಉಳಿದವರು ಕಾಯುವಂತೆ, ಅದೇ ಚಾನೆಲ್ಲನ್ನು ಕೇಳಿಸಿಕೊಳ್ಳುವ ಎಲ್ಲ ಉಪಕರಣಗಳೂ ಕಾಯುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6 ಮತ್ತು 11 ಮಾತ್ರ. ಮೂರನ್ನು ಹಂಚಿ ಮುಗಿದ ಮೇಲೆ ನಾಲ್ಕನೆಯ ಆಕ್ಸೆಸ್ ಪಾಯಿಂಟ್ ಹೊಸ ದಾರಿಯನ್ನೇನೂ ತರುವುದಿಲ್ಲ, ಇರುವ ಸರದಿಯಲ್ಲಿಯೇ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದ ಕಡೆ ಇತ್ತು. ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ, ಅತಿಥಿಗಳಿಗೆ, ಕ್ಯಾಮೆರಾಗಳಿಗೆ, ಪರೀಕ್ಷಾ ವಿಭಾಗಕ್ಕೆ ಎಂದು ಐದು ಎಸ್‌ಎಸ್‌ಐಡಿಗಳನ್ನು ಪ್ರತಿ ಆಕ್ಸೆಸ್ ಪಾಯಿಂಟಿನಲ್ಲಿಯೂ ತೆರೆದಿದ್ದರು. ಪ್ರತಿಯೊಂದು ಎಸ್‌ಎಸ್‌ಐಡಿಯೂ ತಾನಿದ್ದೇನೆ ಎಂದು ಸೆಕೆಂಡಿಗೆ ಸುಮಾರು 10 ಸಲ ಬೀಕನ್ ಕಳಿಸುತ್ತದೆ. ಹಳೆಯ ಉಪಕರಣಗಳಿಗಾಗಿ 1 ಎಂಬಿಪಿಎಸ್ ವೇಗವನ್ನು ಹಾಗೆಯೇ ಬಿಟ್ಟಿದ್ದರೆ ಬೀಕನ್ ಹೋಗುವುದು ಆ ವೇಗದಲ್ಲಿ. 300 ಬೈಟಿನ ಒಂದು ಬೀಕನ್ ಎಂದರೆ 2,400 ಬಿಟ್, ಅದಕ್ಕೆ 2.4 ಮಿಲಿಸೆಕೆಂಡ್, ಸೆಕೆಂಡಿಗೆ 10 ಆದರೆ 24 ಮಿಲಿಸೆಕೆಂಡ್, ಅಂದರೆ ಒಟ್ಟು ಸಮಯದ ಶೇಕಡಾ 2.4. ಐದು ಎಸ್‌ಎಸ್‌ಐಡಿಗೆ ಶೇಕಡಾ 12. ಒಂದೇ ಚಾನೆಲ್ಲಿನ ಮೇಲೆ ಪರಸ್ಪರ ಕೇಳಿಸುವ ನಾಲ್ಕು ಆಕ್ಸೆಸ್ ಪಾಯಿಂಟುಗಳಿದ್ದರೆ ಶೇಕಡಾ 48. ಯಾರೂ ಒಂದು ಪುಟವನ್ನೂ ತೆರೆಯುವ ಮೊದಲೇ ಚಾನೆಲ್ಲಿನ ಹತ್ತಿರ ಹತ್ತಿರ ಅರ್ಧ ಸಮಯ ಹೀಗೆ ಹೋಗಿರುತ್ತದೆ. ಫೋನಿನಲ್ಲಿ ಕಡ್ಡಿಗಳು ಪೂರ್ತಿ, ನೆಟ್ ಇಲ್ಲ ಎಂಬ ದೂರಿನ ಮೂಲ ಇದು.

ಎಸ್‌ಎಸ್‌ಐಡಿಗಳನ್ನು ಎರಡಕ್ಕೆ ಇಳಿಸಿ, ಕೆಳಗಿನ ವೇಗಗಳನ್ನು ಮುಚ್ಚಿ, ಕೆಲವು ಆಕ್ಸೆಸ್ ಪಾಯಿಂಟುಗಳ 2.4 ರೇಡಿಯೊವನ್ನು ಆರಿಸಿ, ಉಳಿದವನ್ನು ವರಾಂಡದಿಂದ ಕೋಣೆಗಳ ಒಳಗೆ ಸರಿಸಿದೆವು. ಹೊಸದಾಗಿ ಒಂದೂ ಉಪಕರಣ ಕೊಳ್ಳಲಿಲ್ಲ. ಸಂಜೆಯ ಹೊತ್ತಿನ ದೂರುಗಳು ಬಹುಮಟ್ಟಿಗೆ ನಿಂತವು. ಆಡಳಿತ ಮಂಡಳಿಯ ಮುಂದೆ ಇನ್ನಷ್ಟು ಆಕ್ಸೆಸ್ ಪಾಯಿಂಟ್ ಬೇಕೆಂಬ ಖರೀದಿಯ ಪ್ರಸ್ತಾವ ಇತ್ತು, ಅದನ್ನು ಕೈಬಿಟ್ಟರು.

ಈ ಲೆಕ್ಕವೆಲ್ಲ ಸಿಡಬ್ಲ್ಯುಎನ್‌ಎ ಪಠ್ಯದ್ದು. ನಮ್ಮ ಊರಲ್ಲಿ ಯಾವ ಪ್ರಾಂಶುಪಾಲರೂ ನಿಮ್ಮ ಸರ್ಟಿಫಿಕೇಟ್ ತೋರಿಸಿ ಎನ್ನುವುದಿಲ್ಲ, ಸರ್ಕಾರಿ ನೇಮಕಾತಿಯ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಕೇಳುವುದೂ ಡಿಪ್ಲೊಮಾ, ಪದವಿಗಳನ್ನೇ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಭಾಗದವರಿಗೆ ಮೀಸಲಾತಿ ಇದ್ದರೂ ಅಲ್ಲಿ ಎಣಿಕೆಗೆ ಬರುವುದು ಶೈಕ್ಷಣಿಕ ಅಂಕಗಳು ಮತ್ತು ಸ್ಪರ್ಧಾತ್ಮಕ ಪರೀಕ್ಷೆ. ಆದರೆ ಈ ಜ್ಞಾನ ಇರುವವರನ್ನು ಒಮ್ಮೆ ಕಂಡ ಸಂಸ್ಥೆ ಮತ್ತೆ ಅವರನ್ನೇ ಕರೆಯುತ್ತದೆ. ಕಲಬುರಗಿಯಲ್ಲಿ ಇಎಸ್‌ಐ ಮತ್ತು ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಗಳಿವೆ, ವಿಶ್ವವಿದ್ಯಾಲಯಗಳಿವೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇಂಥ ಜಾಗಗಳಲ್ಲಿ ವೈಫೈ ಸರಿಯಾಗಿ ವಿನ್ಯಾಸ ಮಾಡಬಲ್ಲವರ ಕೆಲಸ ಮುಗಿಯುವಂಥದ್ದಲ್ಲ.

ಕಲಿಯಲು ದೊಡ್ಡ ಖರ್ಚು ಬೇಡ. ನೆಟ್‌ವರ್ಕಿನಲ್ಲಿ ಹರಿಯುವ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ಉಚಿತ, ಕಂಪ್ಯೂಟರಿನಲ್ಲಿಯೇ ನೆಟ್‌ವರ್ಕ್ ಕಟ್ಟಿ ಅಭ್ಯಾಸ ಮಾಡುವ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಉಚಿತ. ಮಾನಿಟರ್ ಮೋಡ್ (ಸುತ್ತಲಿನ ವೈಫೈ ಸಂದೇಶಗಳನ್ನೆಲ್ಲ ಕೇಳಿಸಿಕೊಳ್ಳುವ ಸೌಲಭ್ಯ) ಬರುವ ಒಂದು ಯುಎಸ್‌ಬಿ ಅಡಾಪ್ಟರ್ ಕೊಂಡುಕೊಂಡು, ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿ, ನಿಮ್ಮ ಮನೆಯ ಫೋನ್ ವೈಫೈಗೆ ಸೇರುವಾಗ ನಡೆಯುವ ನಾಲ್ಕು ಸಂದೇಶಗಳ ಕೈಕುಲುಕಾಟವನ್ನು ಒಮ್ಮೆ ಕಣ್ಣಾರೆ ನೋಡಿ. ಪುಸ್ತಕದ ಒಂದು ಅಧ್ಯಾಯ ಆ ಸಂಜೆಯಲ್ಲಿಯೇ ಅರ್ಥವಾಗುತ್ತದೆ.


ಉತ್ತರ 3
ಬರೆದವರು: ಯಾದಗಿರಿ ಲಿಂಕ್

ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ನಾನು ಯಾದಗಿರಿ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ನೆಟ್‌ವರ್ಕ್ ಗುತ್ತಿಗೆ ಕೆಲಸ ಮಾಡುತ್ತೇನೆ. ಕಡೇಚೂರಿನ ಕೈಗಾರಿಕಾ ಪ್ರದೇಶದಿಂದ ಹಿಡಿದು ಸೇಡಂ, ಚಿತ್ತಾಪುರ ಕಡೆಯ ಕಲ್ಲು ಗಣಿಗಳವರೆಗೆ ಓಡಾಟವಿದೆ. ಸ್ವಲ್ಪ ಭಿನ್ನವಾದ ಅಭಿಪ್ರಾಯ ಇರುವುದರಿಂದ ಬರೆಯುತ್ತಿದ್ದೇನೆ.

ಸರ್ಟಿಫಿಕೇಟಿಗೆ ನಮ್ಮ ಕಡೆ ಬೆಲೆಯೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಬೆಲೆ ಇದೆ, ಆದರೆ ಅದು ಗ್ರಾಹಕರ ಕಣ್ಣಿನಲ್ಲಿ ಇಲ್ಲ, ಟೆಂಡರ್ ಕಾಗದದಲ್ಲಿದೆ. ದೊಡ್ಡ ನೆಟ್‌ವರ್ಕ್ ಟೆಂಡರುಗಳಲ್ಲಿ, ಉಪಕರಣ ತಯಾರಿಸುವ ಕಂಪನಿಯ ಪ್ರಮಾಣಪತ್ರ ಪಡೆದ ಎಂಜಿನಿಯರ್ ಬಿಡ್ಡುದಾರರ ಸಂಬಳಪಟ್ಟಿಯಲ್ಲಿ ಇರಬೇಕೆಂಬ ಷರತ್ತು ಹಲವು ಸಲ ಇರುತ್ತದೆ. ಕಂಪನಿಗಳು ತಮ್ಮ ಪಾರ್ಟ್‌ನರ್ ಎಂದು ಮೇಲಿನ ದರ್ಜೆ ಕೊಡುವಾಗಲೂ ಇಂಥವರು ಎಷ್ಟು ಜನ ಇದ್ದಾರೆಂದು ಕೇಳುತ್ತವೆ. ಅಂಥ ಒಬ್ಬ ಹುಡುಗ ಇಲ್ಲದ ಕಾರಣಕ್ಕೆ ನಮ್ಮ ಭಾಗದ ಗುತ್ತಿಗೆದಾರರು ಹೈದರಾಬಾದಿನ ದೊಡ್ಡ ಸಂಸ್ಥೆಯ ಕೆಳಗೆ ಉಪಗುತ್ತಿಗೆ ಹಿಡಿದು, ಕೆಲಸವೆಲ್ಲ ತಾವು ಮಾಡಿ, ಲಾಭದ ಸಣ್ಣ ಪಾಲು ಪಡೆಯುತ್ತಾರೆ. ಇದು ನನ್ನ ಮನಸ್ಸಿಗೆ ನೋವಾಗುವ ವಿಷಯ. ಆದ್ದರಿಂದ ತಮ್ಮಾ, ನೀವು ನಿಮ್ಮ ಮಾಲೀಕರ ಹತ್ತಿರ ಕುಳಿತು ಇದನ್ನು ಲೆಕ್ಕ ಹಾಕಿ ತೋರಿಸಬೇಕು. ಅವರು ಶುಲ್ಕ ಕಟ್ಟಿದರೆ ಇಷ್ಟು ವರ್ಷ ಬಿಡದೆ ಕೆಲಸ ಮಾಡುತ್ತೇನೆಂದು ನೀವು ಮಾತು ಕೊಡಿ. ಆ ಅವಧಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾರ ಕೈಗೂ ಒತ್ತೆಯಾಗಿ ಕೊಡಬೇಡಿ. ಟೆಂಡರಿನ ದೃಷ್ಟಿಯಿಂದ ಎಣಿಕೆಗೆ ಬರುವುದು ಸಿಸ್ಕೊ, ಅರುಬಾದಂಥ ಕಂಪನಿಯ ಪರೀಕ್ಷೆಗಳು. ಸಿಡಬ್ಲ್ಯುಎನ್‌ಎ ಜ್ಞಾನಕ್ಕೆ ಎಷ್ಟೇ ಒಳ್ಳೆಯದಾದರೂ ಆ ಕಾಲಮ್ಮಿನಲ್ಲಿ ಅದು ಕೂರುವುದಿಲ್ಲ.

ಇನ್ನು ಜ್ಞಾನದ ಮಾತು. ನಮ್ಮ ಕಡೆಯ ವೈರ್‌ಲೆಸ್ ಕೆಲಸದಲ್ಲಿ ಕಟ್ಟಡದೊಳಗಿನ ವೈಫೈ ಅರ್ಧ, ಉಳಿದ ಅರ್ಧ ಎರಡು ಜಾಗಗಳನ್ನು ಜೋಡಿಸುವ ಲಿಂಕ್. ಗಣಿಯ ಲಾರಿ ತೂಗುವ ಜಾಗದಿಂದ ಕಚೇರಿಗೆ, ಕಾರ್ಖಾನೆಯ ಗೇಟಿನಿಂದ ಗೋದಾಮಿಗೆ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್ ತರಂಗಪಟ್ಟಿಯ ಇನ್ನಷ್ಟು ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ತೆರೆದ ಮೇಲೆ ಈ ಕೆಲಸ ಸುಲಭವಾಗಿದೆ. 2 ಕಿಲೋಮೀಟರಿನ ಲಿಂಕ್ ಒಂದನ್ನು ತೆಗೆದುಕೊಳ್ಳಿ. ಆ ದೂರಕ್ಕೆ ಖಾಲಿ ಗಾಳಿಯಲ್ಲಿಯೇ ಸುಮಾರು 113 ಡಿಬಿ (ಡೆಸಿಬೆಲ್) ನಷ್ಟ. ರೇಡಿಯೊದಿಂದ 13 ಡಿಬಿಎಂ ಬಲ, ಅದನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುವ ಆಂಟೆನಾದಿಂದ 23 ಡಿಬಿಐ ಸೇರಿ ಹೊರಡುವುದು 36. ಅದರಲ್ಲಿ 113 ಕಳೆದು, ಆಚೆ ಕಡೆಯ ಆಂಟೆನಾದ 23 ಕೂಡಿದರೆ ಮೈನಸ್ 54 ಡಿಬಿಎಂ ಬರಬೇಕು. ಕಂಬ ಏರಿ ನೋಡಿದಾಗ ಮೈನಸ್ 54ರ ಬದಲು ಮೈನಸ್ 70 ತೋರಿಸಿದರೆ, ಎಲ್ಲೋ ಆಂಟೆನಾ ವಾರೆಯಾಗಿದೆ ಅಥವಾ ನಡುವೆ ಏನೋ ಅಡ್ಡ ಬಂದಿದೆ ಎಂದು ತಕ್ಷಣ ತಿಳಿಯುತ್ತದೆ. ಲೆಕ್ಕ ಬಾರದವರು ಮೈನಸ್ 70ಕ್ಕೂ ಲಿಂಕ್ ಬಂತೆಂದು ಇಳಿದುಬರುತ್ತಾರೆ, ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ದೂರು ಬರುತ್ತದೆ.

ಏಕೆಂದರೆ ಎರಡು ಆಂಟೆನಾಗಳು ಒಂದಕ್ಕೊಂದು ಕಂಡರೆ ಸಾಲದು. ಅದೇ 2 ಕಿಲೋಮೀಟರಿಗೆ ನಟ್ಟನಡುವೆ ಫ್ರೆನೆಲ್ ವಲಯದ (ಎರಡು ಆಂಟೆನಾಗಳ ನಡುವಿನ ಗೆರೆಯ ಸುತ್ತ ಅಲೆ ಹರಡಿಕೊಳ್ಳುವ ಜಾಗದ) ತ್ರಿಜ್ಯ 5 ಮೀಟರಿಗೂ ಸ್ವಲ್ಪ ಹೆಚ್ಚು, ಅದರಲ್ಲಿ ಶೇಕಡಾ 60ರಷ್ಟು, ಅಂದರೆ ಸುಮಾರು 3 ಮೀಟರ್, ಗೆರೆಯ ಸುತ್ತ ಖಾಲಿ ಇರಬೇಕು. ಬೇಸಿಗೆಯಲ್ಲಿ ಎಲೆ ಉದುರಿದ ಮರದ ತುದಿಯ ಮೇಲೆ ಸರಿಯಾಗಿ ಹಾಯುವ ಲಿಂಕ್, ಆಷಾಢದಲ್ಲಿ ಮರ ಚಿಗುರಿ ಎಲೆಗಳು ನೀರು ಕುಡಿದಾಗ ಕುಸಿಯುತ್ತದೆ. ಕಂಬ ಎಷ್ಟು ಎತ್ತರ ಬೇಕೆಂದು ಮೊದಲೇ ಲೆಕ್ಕ ಹಾಕಿ ಕೊಡುವ ಹುಡುಗ ನನಗೆ ಸಿಕ್ಕರೆ, ಸರ್ಟಿಫಿಕೇಟ್ ಕೇಳದೆ ಕೆಲಸಕ್ಕೆ ಕರೆದುಕೊಳ್ಳುತ್ತೇನೆ ಮತ್ತು ಈಗ ಟೆಕ್ನಿಷಿಯನ್ನರಿಗೆ ಕೊಡುವುದಕ್ಕಿಂತ ಹೆಚ್ಚು ಕೊಡುತ್ತೇನೆ.

ಪರೀಕ್ಷೆಯ ಪ್ರಶ್ನೆಗಳು ಸಿಗುತ್ತವೆ, ಬಾಯಿಪಾಠ ಮಾಡಿ ಎಂದು ಡಂಪ್ ಮಾರುವವರ ಹತ್ತಿರ ಮಾತ್ರ ಹೋಗಬೇಡಿ. ಅದು ಪರೀಕ್ಷೆಯ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ.


ಪ್ರಶ್ನೆ ಕೇಳಿದವರು: ಜೇವರ್ಗಿ ಕ್ರಾಸ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಕ್ಕಾವರು ಬರೆದ ಬೀಕನ್ ಲೆಕ್ಕವನ್ನು ನಾವು ನಿರ್ವಹಿಸುವ ಒಂದು ಲಾಡ್ಜಿಗೆ ಅನ್ವಯಿಸಿ ನೋಡಿದೆ. ಅಲ್ಲಿ ಪ್ರತಿ ಮಹಡಿಗೂ ಬೇರೆ ಬೇರೆ ಎಸ್‌ಎಸ್‌ಐಡಿ ಇದ್ದು, ಎಲ್ಲವನ್ನೂ ಎಲ್ಲ ಆಕ್ಸೆಸ್ ಪಾಯಿಂಟುಗಳಲ್ಲಿ ತೆರೆಯಲಾಗಿದೆ. ಮಾಲೀಕರ ಒಪ್ಪಿಗೆ ಪಡೆದು ಅದನ್ನು ಸರಿಪಡಿಸುತ್ತೇನೆ.

ನನ್ನ ಯೋಚನೆ ಈಗ ಹೀಗಿದೆ: ಸಿಸಿಎನ್‌ಎ ಪರೀಕ್ಷೆಗೆ ಹಣ ಕಟ್ಟುವುದು, ಸಿಡಬ್ಲ್ಯುಎನ್‌ಎಯನ್ನು ಸದ್ಯಕ್ಕೆ ಪರೀಕ್ಷೆ ಬರೆಯದೆ ಓದುವುದು. ಇದು ಸರಿಯೇ? ಇನ್ನೆರಡು ಸಂದೇಹಗಳಿವೆ. ವೈಫೈ 7 ಬಂದಿದೆ, 6 ಗಿಗಾಹರ್ಟ್ಸ್ ಬರುತ್ತಿದೆ ಎನ್ನುತ್ತಾರೆ. ಈಗ ಓದಿದ್ದು ಬೇಗ ಹಳತಾಗುವುದೇ? ಪರೀಕ್ಷೆಯನ್ನು ಮನೆಯಿಂದಲೇ ಬರೆಯುವುದು ಒಳ್ಳೆಯದೇ, ಅಥವಾ ಹೈದರಾಬಾದಿಗೆ ಹೋಗಬೇಕೇ?


ಉತ್ತರ 4
ಬರೆದವರು: ಬೀದರದವನು, ಈಗ ಹೈದರಾಬಾದ್

ನಿಮ್ಮ ಯೋಚನೆ ಸರಿಯಾಗಿದೆ. ಯಾದಗಿರಿಯ ಅಣ್ಣಾವರು ಟೆಂಡರ್ ಬಗ್ಗೆ ಬರೆದದ್ದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ, ಸಿಸಿಎನ್‌ಎ ಮೊದಲು ಎಂಬುದಕ್ಕೆ ಅದು ಇನ್ನೊಂದು ಆಧಾರ.

ಹಳತಾಗುವ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಡುತ್ತದೆ. 802.11 ಮೊದಲು ಬಂದದ್ದು 1997ರಲ್ಲಿ. 1999ರಲ್ಲಿ ಅದರ ಎ ಮತ್ತು ಬಿ ಆವೃತ್ತಿಗಳು, 2003ರಲ್ಲಿ ಜಿ, 2009ರಲ್ಲಿ ಎನ್, 2013ರಲ್ಲಿ ಎಸಿ, 2021ರಲ್ಲಿ ವೈಫೈ 6 ಎನ್ನುವ ಎಎಕ್ಸ್ ಬಂದವು; ವೈಫೈ 7 ಉಪಕರಣಗಳಿಗೆ ಪ್ರಮಾಣೀಕರಣ ಶುರುವಾದದ್ದು 2024ರ ಜನವರಿಯಲ್ಲಿ. ಇಷ್ಟಾದರೂ 3 ಡಿಬಿ ಏರಿದರೆ ಬಲ ಎರಡರಷ್ಟು, ದೂರ ಎರಡರಷ್ಟಾದರೆ 6 ಡಿಬಿ ನಷ್ಟ, ಮಾತನಾಡುವ ಮೊದಲು ಕೇಳಿಸಿಕೊಳ್ಳಬೇಕು ಎಂಬ ಅಡಿಪಾಯ ಹಾಗೆಯೇ ಉಳಿದಿದೆ. 6 ಗಿಗಾಹರ್ಟ್ಸ್ ವಿಷಯದಲ್ಲಿ ನಮ್ಮ ದೇಶದಲ್ಲಿ 2025ರ ಮೇ ತಿಂಗಳಿನಲ್ಲಿ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಕೆಳಭಾಗವನ್ನು ಲೈಸೆನ್ಸ್‌ಮುಕ್ತಗೊಳಿಸುವ ಕರಡು ನಿಯಮ ಪ್ರಕಟವಾಯಿತು. ಅದು ಮುಖ್ಯವಾಗಿ ಒಳಾಂಗಣದ ಕಡಿಮೆ ಬಲದ ಬಳಕೆಗೆ. ಎತ್ತರದ ಆವರ್ತನ ಗೋಡೆಯಲ್ಲಿ ಹೆಚ್ಚು ನಷ್ಟ ಅನುಭವಿಸುವುದರಿಂದ, ನಮ್ಮ ಕಡೆಯ ಕಲ್ಲಿನ ಕಟ್ಟಡಗಳಲ್ಲಿ ಎಲ್ಲಿ ಎಷ್ಟು ಆಕ್ಸೆಸ್ ಪಾಯಿಂಟ್ ಎಂಬ ವಿನ್ಯಾಸದ ಕೆಲಸ ಮುಂದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ನೀವು ಬೀದರದ ಕಡೆ ಕೆಲಸ ಮಾಡುವುದಾದರೆ ಇದೊಂದನ್ನು ನೆನಪಿಡಿ. 5 ಗಿಗಾಹರ್ಟ್ಸ್‌ನ ಮಧ್ಯದ ಚಾನೆಲ್ಲುಗಳಲ್ಲಿ ಡಿಎಫ್‌ಎಸ್ ನಿಯಮವಿದೆ. ರಾಡಾರ್ ಸಂಕೇತ ಕಂಡರೆ ಆಕ್ಸೆಸ್ ಪಾಯಿಂಟ್ ಆ ಚಾನೆಲ್ ಬಿಟ್ಟುಹೋಗಬೇಕು. ವಿಮಾನ ನಿಲ್ದಾಣ ಅಥವಾ ಬೀದರದಲ್ಲಿರುವಂಥ ವಾಯುಪಡೆಯ ನೆಲೆಯ ಹತ್ತಿರ ಲಿಂಕ್ ಹಾಕುವಾಗ ಆ ಚಾನೆಲ್ಲುಗಳ ಲಾಗ್ ನೋಡಿಯೇ ಆಯ್ಕೆ ಮಾಡಿ.

ಸಂದರ್ಶನಕ್ಕೆ ಬರುವಾಗ ಆ ಲಾಡ್ಜಿನ ಕೆಲಸವನ್ನು ಬರೆದುಕೊಂಡು ಬನ್ನಿ. ಮಹಡಿಯ ನಕ್ಷೆ, ಮೊದಲು ಯಾವ ಚಾನೆಲ್ ಯಾವ ಬಲದಲ್ಲಿತ್ತು, ಏನು ಬದಲಿಸಿದಿರಿ, ಆಮೇಲೆ ಏನಾಯಿತು ಎಂಬ ನಾಲ್ಕು ಪುಟ ಸಾಕು. ಲಾಡ್ಜಿನ ಹೆಸರು ಬೇಡ. ಡಿಪ್ಲೊಮಾದ ಒಬ್ಬ ಟೆಕ್ನಿಷಿಯನ್ ಇಂಥ ನಾಲ್ಕು ಪುಟ ಮುಂದಿಟ್ಟರೆ ನಾನು ಮೊದಲು ಓದುವುದು ಅದನ್ನೇ.


ಉತ್ತರ 5
ಬರೆದವರು: ಶಹಾಬಾದಿ ಕಲ್ಲು

ಪರೀಕ್ಷೆ ಎಲ್ಲಿ ಬರೆಯಬೇಕೆಂಬುದಕ್ಕೆ ನಾನು ಹೇಳುತ್ತೇನೆ. ಪರೀಕ್ಷೆ ನಡೆಸುವ ಪಿಯರ್ಸನ್ ವಿಯುಇ ಸಂಸ್ಥೆಯ ಮೂಲಕ ಮನೆಯಿಂದಲೂ ಬರೆಯಬಹುದು, ಆದರೆ ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಪರೀಕ್ಷೆ ಮುಗಿಯುವವರೆಗೆ ವೆಬ್‌ಕ್ಯಾಮ್ ಮುಂದೆಯೇ ಇರಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕರೆಂಟಿನ ಭರವಸೆ ಇಟ್ಟುಕೊಂಡು 300 ಡಾಲರಿನ ಪರೀಕ್ಷೆಗೆ ಕೂರುವುದು ಬೇಡ. ಹೈದರಾಬಾದಿನ ಕೇಂದ್ರಕ್ಕೆ ಹಿಂದಿನ ದಿನವೇ ರೈಲು ಹಿಡಿದು ಹೋಗಿ ಬರೆಯಿರಿ.

ನೋಂದಣಿ ಮಾಡುವಾಗ ಹೆಸರನ್ನು ಗುರುತಿನ ಚೀಟಿಯಲ್ಲಿರುವಂತೆಯೇ ತುಂಬಿ. ನಮ್ಮ ಭಾಗದಲ್ಲಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಸೇರಿರುತ್ತದೆ, ಆಧಾರ್‌ನಲ್ಲಿ ಮನೆತನದ ಹೆಸರು ಮಾತ್ರ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆ. ಹೊಂದಾಣಿಕೆಯಾಗದಿದ್ದರೆ ಕೇಂದ್ರದಲ್ಲಿ ಒಳಗೆ ಬಿಡುವುದಿಲ್ಲ, ಶುಲ್ಕವೂ ಹಿಂದಿರುಗುವುದಿಲ್ಲ. ತಿದ್ದುಪಡಿ ಬೇಕಿದ್ದರೆ ದಿನಾಂಕ ಕಾಯ್ದಿರಿಸುವ ಮೊದಲೇ ಮಾಡಿಸಿಕೊಳ್ಳಿ. ಓದಿನ ನಡುವೆ ಯಾವ ಅಧ್ಯಾಯ ತೊಡಕಾದರೂ ಇಲ್ಲಿಯೇ ಕೇಳಿ, ನಾವೆಲ್ಲರೂ ಉತ್ತರಿಸುತ್ತೇವೆ.